ಬೇಸಿನ್ನಿನ ಮೇಲಿನ ಫ್ಲೆಮಿಂಗೊ

"ಕಾಲು ತೆಗಿ" ಎಂದರು ಮಾವ. ಡೊಂಬಿವಲಿಯ ನಮ್ಮ ಶುದ್ಧ ಸಸ್ಯಾಹಾರಿ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ನಾನು ಮೊಬೈಲು ಹಿಡಿದು ನಿಂತಿದ್ದೆ. ಅದರ ತುಂಬ ನೆರೂಳದ ಜೌಗಿನ ಗುಲಾಬಿ ಫ್ಲೆಮಿಂಗೊ ಹಕ್ಕಿಗಳು. ಕೈತೊಳೆಯುವ ಬೇಸಿನ್ನಿನ ಮೇಲೆ ಗೋಡೆ ಜಿನುಗಿ ಒದ್ದೆ ಮಚ್ಚೆ ಬಿದ್ದಿತ್ತು. ಅದನ್ನು ಮುಚ್ಚಲು ಮಾವ ಉದ್ದನೆಯ ಫ್ರೇಮು ತಂದಿದ್ದರು. ಒಳಗೆ ಏನು ಹಾಕುವುದೆಂದು ತೋಚದೆ ನಾನು ತೆಗೆದ ಫೋಟೊ ಕೇಳಿದ್ದರು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಇದು ನನ್ನದು ಎಂದು ತೋರಿಸಲು ಬೇರೆ ಏನೂ ಇಲ್ಲ. ಇಡ್ಲಿ ಬೇಯಿಸಿದವನು ಯಾರೆಂದು ಯಾರೂ ಕೇಳುವುದಿಲ್ಲ. ಈ ಫೋಟೊ ತೆಗೆದದ್ದು ಯಾರು ಎಂದು ಗಿರಾಕಿ ಒಬ್ಬನಾದರೂ ಕೇಳಲಿ, ಅಷ್ಟೇ ನನಗೆ ಬೇಕಿತ್ತು.

ಹಕ್ಕಿಯ ಫೋಟೊ ತಾಳ್ಮೆಯ ಕೆಲಸ ಎನ್ನುವವರು ನೆರೂಳದ ಕೆಸರಿನಲ್ಲಿ ನಿಂತವರಲ್ಲ. ಅದು ಸೊಳ್ಳೆ ಕಚ್ಚಿಸಿಕೊಳ್ಳುವ ಕೆಲಸ. ಗಾಳಿ ನಿಂತರೆ ಮಾತ್ರ ನೀರಿನಲ್ಲಿ ಬಿಂಬ ಒಡೆಯದೆ ಬೀಳುತ್ತದೆ. ಫೋಟೊದಲ್ಲಿ ಹಕ್ಕಿಯ ಕೆಳಗೆ ಹಕ್ಕಿಯಷ್ಟೇ ಜಾಗ ನೀರಿಗೂ ಬಿಡಬೇಕು, ಇಲ್ಲದಿದ್ದರೆ ಬಿಂಬದ ಬೆನ್ನು ಕತ್ತರಿಸಿ ಹೋಗುತ್ತದೆ. ಎಷ್ಟೋ ಫೋಟೊ ಹಾಳು ಮಾಡಿದ ಮೇಲೆ ಒಂದು ಸಿಕ್ಕಿತ್ತು. ಮೇಲೊಂದು ಸಾಲು, ಕೆಳಗೊಂದು ಸಾಲು, ಎರಡನ್ನೂ ಹೊಲಿದ ಹಾಗೆ ನಡುವೆ ಕಾಲುಗಳು.

"ಒಂಟಿ ಕಾಲಲ್ಲಿ ನಿಂತದ್ದು ಹೋಟೆಲಿಗೆ ಆಗುದಿಲ್ಲ ಮಾರಾಯ. ಧಂಧಾ ಎರಡು ಕಾಲಲ್ಲಿ ನಿಲ್ಲಬೇಕು."

"ಅದು ನಿಲ್ಲುವುದೇ ಹಾಗೆ, ಮಾವ."

"ನಿಲ್ಲಲಿ, ನೆರೂಳದಲ್ಲಿ."

ಬೆರಳಿನಿಂದ ಉಜ್ಜಿ ಒಂದೊಂದೇ ಕಾಲು ಅಳಿಸಿ ತೆಗೆದೆ. ಆಮೇಲೆ ಅವರ ಕಣ್ಣು ನೀರಿಗೆ ಬಿತ್ತು. ತಲೆಕೆಳಗಾದ ಹಕ್ಕಿ ಗೋಡೆಯಲ್ಲಿದ್ದರೆ ವ್ಯಾಪಾರವೂ ತಲೆಕೆಳಗಾಗುತ್ತದಂತೆ. ಕೋಪರಿಯ ವಾಸ್ತುವಿನವನಿಗೆ ಫೋನು ಮಾಡಿದರು. ಅವನು ಫೋಟೊ ನೋಡದೆಯೇ ಹೌದು ಎಂದ. ಬಿಂಬ ಹೋಯಿತು. ಫ್ಲೆಮಿಂಗೊ ತಿನ್ನುವುದು ತಲೆಯನ್ನು ನೀರಿಗೆ ಇಳಿಸಿ. ನೀರು ಹೋದಾಗ ತಲೆಗಳೂ ಹೋದವು. ಫ್ರೇಮು ಉದ್ದ, ಎತ್ತರ ಕಡಿಮೆ ಎಂದು ಉಳಿದದ್ದನ್ನೂ ಮೇಲಿನಿಂದ ಕತ್ತರಿಸಲು ಹೇಳಿದರು. ಸಿಟ್ಟು ಬಂದವನು ಮೊಬೈಲು ಕಿಸೆಗೆ ಹಾಕಬೇಕಿತ್ತು. ಗೋಡೆಯಲ್ಲಾದರೂ ಇರುತ್ತದಲ್ಲ ಎಂದು ನಾನು ಬೆರಳು ಎಳೆಯುತ್ತಲೇ ಹೋದೆ.

ಫೋಟೊ ಗೋಡೆಗೇರಿತು. ಮಚ್ಚೆ ಪೂರ್ತಿ ಮುಚ್ಚಿತು. ಬಂದವರಿಗೆಲ್ಲ ಮಾವ ತಮ್ಮದೇ ಐಡಿಯಾ ಎಂದು ಹೇಳಿದರು. ನಾನು ಚಟ್ನಿ ಬಡಿಸಿದೆ. ದಿನಾ ಚಹಾಕ್ಕೆ ಬರುವ ಮೇಲಿನ ಮಹಡಿಯ ಜೋಶಿಯವರು ಮರುದಿನ ಕೈತೊಳೆಯಲು ಹೋದವರು ಅಲ್ಲೇ ನಿಂತುಬಿಟ್ಟರು. ತುಂಬ ಹೊತ್ತು ನೋಡಿ, ನಿಧಾನವಾಗಿ ಮಾವನ ಕಡೆ ತಿರುಗಿದರು.

"ಅಣ್ಣಾ, ಚಿಕನ್ ಕಬ್ ಸೇ ಚಾಲೂ ಕಿಯಾ?"

ಚಿಕನ್ ಯಾವಾಗಿನಿಂದ ಶುರು ಎಂದು ಅವರು ಕೇಳಿದ್ದು ಏಕೆಂದು ಆಗ ನನಗೂ ಕಾಣಿಸಿತು. ತಲೆಯಿಲ್ಲ, ಕಾಲಿಲ್ಲ, ಸಾಲಾಗಿ ಗುಲಾಬಿ ಮೈಗಳು. ಸ್ಟೇಷನ್ನಿನ ಎದುರಿನ ಕೋಳಿ ಅಂಗಡಿಯಲ್ಲಿ ನೇತುಹಾಕುವುದೂ ಹೀಗೆಯೇ. ಪಕ್ಕದ ಟೇಬಲಿನ ಅಜ್ಜಿ ಸಾಂಬಾರಿನ ಬಟ್ಟಲನ್ನು ಮೂಸಿ ದೂರ ತಳ್ಳಿದರು. ಅಡುಗೆಯ ಪಾತ್ರೆ ಬೇರೆ ಉಂಟೋ ಎಂದು ಅವರ ಮಗ ಕೇಳಿದ. ಮಾವ ನೋಟು ಎಣಿಸುವುದನ್ನು ನಿಲ್ಲಿಸಿ ನನ್ನ ಕಡೆ ಬೆರಳು ತೋರಿಸಿದರು.

"ಇಸ್ನೇ ನಿಕಾಲಾ ಹೈ ಫೋಟೊ."

ಇಡೀ ಹೋಟೆಲು ನನ್ನನ್ನು ನೋಡಿತು. ಎಲ್ಲರಿಗೂ ಗೊತ್ತಾಯಿತು, ತೆಗೆದದ್ದು ನಾನೇ ಎಂದು.