ಮೀನಿನ ಸೊಂಟ

ಕೆಲವು ಕೆಲಸಗಳನ್ನು ಮಾಡುವುದು ಸುಲಭ, ಅದೇನೆಂದು ನಾಲ್ಕು ಜನರಿಗೆ ಹೇಳುವುದೇ ಕಷ್ಟ. ನನ್ನದು ಅಂಥದ್ದು. ಮದುವೆಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವರೊಬ್ಬರು "ನೀವೇನ್ ಮಾಡ್ಕೊಂಡಿದ್ದೀರಿ?" ಎಂದು ಕೇಳಿದಾಗ ಹಿಂದೆಮುಂದೆ ಯೋಚಿಸದೆ "ಮೀನು ಮಾಡ್ತೀನಿ" ಎಂದುಬಿಟ್ಟೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಈ ಮಾತು. ಆಕೆ ತಮ್ಮ ಎಲೆಯನ್ನು ಮೆಲ್ಲಗೆ ಆಚೆಗೆ ಸರಿಸಿಕೊಂಡರು. ತಿನ್ನುವ ಮೀನಲ್ಲ, ಮೀನನ್ನು ಹಿಡಿಯುವ ಮೀನು ಎಂದು ವಿವರಿಸಹೋದೆ. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು.

ಹೊರದೇಶದ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆಯಂತೆ. ಚಿಕ್ಕದಿದ್ದಾಗ ಹುಳಹುಪ್ಪಟೆ ತಿಂದುಕೊಂಡಿರುವ ಅದು ದೊಡ್ಡದಾದ ಮೇಲೆ ಬೇರೆ ಮೀನುಗಳನ್ನೇ ನುಂಗುತ್ತದೆ. ಅದಕ್ಕೆ ಆಸೆ ಹುಟ್ಟಿಸಲು ಕೋಳಿಪುಕ್ಕ, ಮೊಲದ ತುಪ್ಪಳ, ಮಿಂಚುವ ಎಳೆ ಎಲ್ಲವನ್ನೂ ಗಾಳಕ್ಕೆ ದಾರದಿಂದ ಸುತ್ತಿ ಹುಸಿಮೀನು ಕಟ್ಟಬೇಕು. ಹೆಸರು ಸ್ಟ್ರೀಮರ್ ಫ್ಲೈ. ಫ್ಲೈ ಎಂದರೆ ನೊಣ ತಾನೆ? ನಾವು ಕಟ್ಟುವುದು ನನ್ನ ನಡುಬೆರಳಿಗಿಂತ ಉದ್ದ. ಇಂಥ ನೊಣ ಒಳಗೆ ಬಂದರೆ ನಾವೇ ಮನೆ ಬಿಡಬೇಕಾದೀತು. ಅದರಲ್ಲೂ ಒಳ್ಳೆಯ ಜಾತಿಯದಕ್ಕೆ ಮೈ ಎರಡು ತುಂಡು. ಮುಂದೆ ತಲೆ, ಹಿಂದೆ ಬಾಲ, ಎರಡಕ್ಕೂ ಒಂದೊಂದು ಗಾಳ, ನಡುವೆ ತಂತಿಯ ಸಣ್ಣ ಕೊಂಡಿ. ನೀರಿನಲ್ಲಿ ಎಳೆದಾಗ ತಲೆ ಒಂದು ಕಡೆ, ಬಾಲ ಒಂದು ಕಡೆ ಹೊರಳಿ ಜೀವವಿರುವ ಮೀನಿನ ಹಾಗೆ ಬಳುಕಬೇಕು. ಆ ಕೊಂಡಿಯನ್ನು ನಾವು ಸೊಂಟ ಎನ್ನುತ್ತೇವೆ.

ಶಿರಾ ಗೇಟ್ ಹತ್ತಿರ ಟೈರ್ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಮೇಡಂ ಈ ಕೆಲಸ ನಡೆಸುತ್ತಾರೆ. ಅಲ್ಲಿ ಕಟ್ಟುವವರೆಲ್ಲ ಹೆಂಗಸರೇ. ನನ್ನ ತವರು ಗುಬ್ಬಿ. ಅಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಪಳಗಿದ ಕೈ ಇಲ್ಲಿಗೂ ಒದಗಿತು. ನಮ್ಮಲ್ಲಿ ಯಾರೂ ಟ್ರೌಟ್ ನೋಡಿದವರಲ್ಲ. ಅದರ ರುಚಿ, ಕೋಪ, ಚಪಲಗಳ ಬಗ್ಗೆ ಮಾತ್ರ ನಮ್ಮ ನಮ್ಮ ಗಂಡಂದಿರ ವಿಷಯಕ್ಕಿಂತ ಹೆಚ್ಚು ಚರ್ಚಿಸುತ್ತೇವೆ.

ಮಿಕ್ಕ ಕೆಲಸವನ್ನು ಮರಳೂರಿನ ಮನೆಗೆ ತರುತ್ತೇನೆ. ಅಲ್ಲಿ ನನ್ನ ಅತ್ತೆ ಇದ್ದಾರೆ. ಒಮ್ಮೆ ಫ್ಯಾನಿನ ಗಾಳಿಗೆ ಪುಕ್ಕವೊಂದು ಹಾರಿಹೋಗಿ ದೇವರಮನೆಯ ವಿಭೂತಿ ಗಟ್ಟಿಯ ಮೇಲೆ ಕೂತ ದಿನದಿಂದ ನನ್ನ ಕೆಲಸಕ್ಕೆ ಫ್ಯಾನ್ ಇಲ್ಲ. ಅತ್ತೆ ಬೇಡವೆನ್ನಲಿಲ್ಲ, ಆದರೆ ಎದುರಿಗೆ ಕೂತು ಹೂ ಕಟ್ಟುತ್ತ ಕೇಳಿದರು.

"ಆ ಮೀನ್ನ ತಿಂತಾರೇನೇ?"

"ಇಲ್ವಂತೆ ಅತ್ತೆ. ಹಿಡ್ದು, ಫೋಟೋ ತೆಗ್ದು, ವಾಪಸ್ ನೀರಿಗೆ ಬಿಡ್ತಾರಂತೆ."

"ತಿನ್ನಲ್ಲ ಅಂದ್ರೆ ಹಿಡಿಯೋದ್ಯಾಕೆ? ಹೊಟ್ಟೆಗಾದ್ರೆ ಹಸಿವು ಅನ್ಬೋದು. ಇದು ಸುಮ್‌ಸುಮ್ನೆ ಮೂತಿಗೆ ಚುಚ್ಚಿದಂಗಾಯ್ತಲ್ಲ."

ಅವರು ಮಲ್ಲಿಗೆ ಕಟ್ಟುತ್ತಿದ್ದರು, ನಾನು ಗಾಳ.

ಹೀಗಿರುವಾಗ ನಾನು ಕಟ್ಟಿದ ಹೊಸ ಮಾದರಿಯನ್ನು ಹೊರದೇಶದ ಗಿರಾಕಿಗಳು ತಿರಸ್ಕರಿಸಿದರು. ಮೇಡಂ ಫೋನ್ ಮಾಡಿದರು. "ಗಿರಿಜಾ, ನಿಮ್ಮ ಮೀನು ನೀರಲ್ಲಿ ಪೊರಕೆಕಡ್ಡಿ ಥರ ಹೋಗ್ತಿದೆಯಂತೆ ಕಣ್ರೀ. ಸೊಂಟಾನೇ ಆಡ್ತಿಲ್ವಂತೆ. ಸರಿಮಾಡಿ ಈಜೋ ವಿಡಿಯೋ ಕಳಿಸ್ಬೇಕು. ಇಲ್ಲಾಂದ್ರೆ ಆರ್ಡರ್ ಬೇರೆಯವ್ರ ಪಾಲಾಗುತ್ತೆ." ಆರ್ಡರ್ ಹೋದರೆ ಮಹಡಿಯ ಮೇಲಿನವರೆಲ್ಲ ಮನೆಗೇ. ದಿನವಿಡೀ ಕೂತು ಕೂತು ಬಗ್ಗಲಾರದ ಸೊಂಟದವಳು ನಾನು; ಮೀನಿಗೆ ಬಳುಕು ಎಲ್ಲಿಂದ ತರಲಿ? ಆದರೂ ಕೊಂಡಿ ಸಡಿಲಿಸಿ, ಬಾಲ ಮೊಟಕುಗೊಳಿಸಿ ಬಕೆಟ್ಟಿನಲ್ಲಿ ಬಿಟ್ಟು ನೋಡಿದೆ. ಮೀನು ಬಳುಕಲು ಮನಸ್ಸು ಮಾಡುವಷ್ಟರಲ್ಲಿ ಬಕೆಟ್ಟೇ ಮುಗಿದುಹೋಗುತ್ತಿತ್ತು. ಅಂಗಳದ ಸಂಪಿನ ಮುಚ್ಚಳ ತೆಗೆದೆ.

"ಏನೇ ಮಾಡ್ತಿದೀಯ ಅಲ್ಲಿ?" ಅತ್ತೆ ಬಂದರು.

"ಮೀನು ಈಜಿಸ್ತಿದೀನಿ ಅತ್ತೆ."

"ಪೂಜೆಗೆ ನೀರೆತ್ತೋ ಸಂಪಲ್ಲಿ ಕೋಳಿಪುಕ್ಕ ಅದ್ದಿದೀಯಲ್ಲೇ!"

ಅಂದು ನಾನೂ ನನ್ನ ಗಂಡನೂ ಸಂಪು ಖಾಲಿ ಮಾಡಿ ತೊಳೆದೆವು. ಅವರು ಆಗಷ್ಟೇ ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರು. ಅಂಗಿ ಕಳಚಿ ಒಳಗಿಳಿದು ಗೋಡೆ ಉಜ್ಜಿದರು. ಬೈದಿದ್ದರೆ ವಾಸಿಯಿತ್ತು.

ದಾರಿ ತೋರಿಸಿದವರು ಅತ್ತೆಯೇ. "ಭಾನುವಾರ ಕುಣಿಗಲ್‌ಗೆ ನಾಮಕರಣಕ್ಕೆ ಹೋಗ್ತೀವಲ್ಲ, ಅಲ್ಲಿ ದೊಡ್ಡ ಕೆರೆ ಐತೆ. ಅಲ್ಲಿ ಆಡ್ಸು. ಆದ್ರೆ ಮುಳ್ಳು ಕತ್ತರಿಸ್ಬೇಕು. ನಮ್ ಕೈಯಿಂದ ಯಾವ ಜೀವಕ್ಕೂ ನೋವಾಗ್ಬಾರ್ದು." ಅವರ ಕಣ್ಣೆದುರೇ ಇಕ್ಕಳದಿಂದ ಎರಡೂ ಗಾಳಗಳ ಮೊನೆ ಕತ್ತರಿಸಿದೆ.

ಹೋಳಿಗೆ ಊಟ ಮುಗಿಸಿ, ರೇಷ್ಮೆ ಸೀರೆಯಲ್ಲೇ ಇಬ್ಬರೂ ಕೆರೆಯ ದಡಕ್ಕೆ ಹೋದೆವು. ನೈಲಾನ್ ದಾರವನ್ನು ಖಾಲಿ ಶಾಂಪೂ ಬಾಟಲಿಗೆ ಸುತ್ತಿಕೊಂಡಿದ್ದೆ. ಮೀನನ್ನು ನೀರಿಗೆಸೆದೆ. ನಾನು ವಿಡಿಯೋ ತೆಗೆಯಬೇಕಿದ್ದರಿಂದ ದಾರವನ್ನು ಅತ್ತೆಯ ಕೈಗೆ ಕೊಟ್ಟೆ. "ಸ್ವಲ್ಪ ಎಳೀರಿ, ನಿಲ್ಸಿ, ಮತ್ತೆ ಎಳೀರಿ."

ಅತ್ತೆ ಎಳೆದರು. ನನ್ನ ಮೀನು ತಲೆ ತಿರುಗಿಸಿತು, ಬಾಲ ತಡವಾಗಿ ಹಿಂಬಾಲಿಸಿತು, ಮೈಯೆಲ್ಲ ಒಂದು ಅಲೆಯಾಗಿ ಹರಿಯಿತು. ಇಷ್ಟು ಕಾಲ ಡಬ್ಬಿಗಳಲ್ಲಿ ಸತ್ತಂತೆ ಮಲಗಿರುವುದನ್ನಷ್ಟೇ ನೋಡಿದ್ದ ನಾನು ಅದು ಬದುಕುವುದನ್ನು ನೋಡಿದ್ದು ಅದೇ ಮೊದಲು.

"ಜೀವ ಬಂದ್ಬುಡ್ತಲ್ಲೇ ಇದಕ್ಕೆ!" ಎಂದರು ಅತ್ತೆ.

ಅಷ್ಟರಲ್ಲಿ ಜೊಂಡಿನ ಬುಡದಿಂದ ತೋಳಿನಷ್ಟು ದಪ್ಪದ ಕರಿ ಮೀನೊಂದು ನುಗ್ಗಿ ಬಂದು ಅದನ್ನು ಕಚ್ಚಿಕೊಂಡಿತು. ಕೊರವ ಮೀನೇ ಇರಬೇಕು. ದಾರ ಬಿಗಿಯಿತು. ಅತ್ತೆ ಕಿರುಚಿ ದಾರ ಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕಾಲೂರಿ, ತುಟಿ ಕಚ್ಚಿ ಎಳೆದರು. ಅದು ಎಳೆಯಿತು, ಇವರು ಎಳೆದರು. ದಡದ ಹತ್ತಿರ ಬಂದ ಮೀನು ಒಮ್ಮೆ ಬಾಲ ಬಡಿದು ನಮ್ಮಿಬ್ಬರ ರೇಷ್ಮೆಗೂ ಕೆಸರು ಹಾರಿಸಿ, ಪುಕ್ಕದ ಮುದ್ದೆಯನ್ನು ಥೂ ಎಂದು ಉಗುಳಿ ಹೋಯಿತು.

ಅತ್ತೆ ಕಲ್ಲಿನ ಮೇಲೆ ಕೂತರು. ಅಂಗೈಯಲ್ಲಿ ದಾರ ಉಜ್ಜಿ ಕೆಂಪಗೆ ಗೆರೆ ಮೂಡಿತ್ತು.

"ಅದಕ್ಕೇನೂ ಆಗ್ಲಿಲ್ಲ ತಾನೇ?"

"ಇಲ್ಲ ಅತ್ತೆ. ಮುಳ್ಳೇ ಇರ್ಲಿಲ್ವಲ್ಲ."

ಬಗ್ಗಿ ಅಂಗೈಯನ್ನು ನೀರಿಗದ್ದಿಕೊಂಡರು. ಆಮೇಲೆ ಮೆಲ್ಲಗೆ, "ಯಾಕ್ ಹಿಡೀತಾರೆ ಅಂತ ಈಗ ಗೊತ್ತಾಯ್ತು ಕಣೇ. ಗೊತ್ತಾಗ್ದೆ ಇದ್ದಿದ್ರೇ ಚೆನ್ನಾಗಿತ್ತು" ಎಂದರು.

ಬಸ್ಸಿನಲ್ಲಿ ಅವರು ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ನಾನು, ಪಾಪ ಅತ್ತೆ ಹೀಗೆ ಮೈಮರೆತರಲ್ಲ, ನಾನಾದರೂ ಕಲೆಗಾರ್ತಿಯ ಹಾಗೆ ದೂರ ನಿಂತು ನೋಡಿದೆನಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ವಿಡಿಯೋವನ್ನು ತೆರೆದೂ ನೋಡದೆ ಮೇಡಂಗೆ ಕಳಿಸಿಬಿಟ್ಟೆ.

ಆರ್ಡರ್ ಉಳಿಯಿತು. ಮರುದಿನ ಮೇಡಂ ಎಲ್ಲರನ್ನೂ ಕರೆದು ಫೋನಿನಲ್ಲಿ ಅದನ್ನು ತೋರಿಸಿದರು. ಮೊದಲು ಮೀನು ಸೊಗಸಾಗಿ ಸೊಂಟ ಆಡಿಸಿತು. ಆಮೇಲೆ ಬರೀ ಆಕಾಶ. ಆಮೇಲೆ ನನ್ನ ಚಪ್ಪಲಿ. ಇವೆಲ್ಲದರ ಮೇಲೆ ಒಂದು ಹೆಂಗಸಿನ ದನಿ, ಅಪ್ಪಟ ಗುಬ್ಬಿ ಕಡೆಯದು: "ಬುಡ್ಬ್ಯಾಡಿ, ಎಳೀರಿ! ದೊಡ್ಡದೈತೆ, ಎಳೀರೀ!"

"ಗಿರಿಜಾ, ಯಾರ್ರೀ ಅದು ಹಂಗೆ ಬಡ್ಕೊಳ್ತಿರೋದು?" ಎಂದರು ಮೇಡಂ.

"ಗೊತ್ತಿಲ್ಲ ಮೇಡಂ," ಎಂದೆ ವಿಭೂತಿಯ ಹಣೆ ಒರೆಸಿಕೊಳ್ಳುತ್ತ. "ಮೀನು ತಿನ್ನೋರು ಯಾರೋ ಇರ್ಬೇಕು."