ಊರಮ್ಮನ ಎಲ್ಲೆ, ಹಳ್ಳದಾಚೆಯ ಸಾರಾಯಿ

ಬುದ್ಧಿ ಹೇಳಲು ಹೋದವರಿಗೆ ತಿರುಗಿ ಬುದ್ಧಿ ಕಲಿಸದೆ ಕಳಿಸಿದ ಊರು ನಮ್ಮ ಕಡೆ ಒಂದೂ ಇಲ್ಲ. ಒಂದು ಸಲ ಆಯಿತು, ಇನ್ನು ಆಗಲಾರದು ಅಂದುಕೊಂಡು ಬಸ್ಸು ಹತ್ತಿದರೆ ಮುಂದಿನ ಊರಿನವರು ಆಗಲೇ ಕಾದು ಕೂತಿರುತ್ತಿದ್ದರು.

ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನಾಗ ಗ್ರಾಮಸೇವಿಕೆ. ಹಳ್ಳಿ ಹಳ್ಳಿಗೆ ಹೋಗಿ ಕುಡಿತ ಬಿಡಿ, ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಔಷಧಿ ಇದೆ ಎಂದು ತಿಳಿಸುವುದು ಕೆಲಸ. ಮದ್ರಾಸಿನವರು ತಂದ ಪಾನನಿಷೇಧ ಇನ್ನೂ ಜಾರಿಯಲ್ಲಿದ್ದುದರಿಂದ, ಕಾನೂನಿನ ಪ್ರಕಾರ ನಮ್ಮ ತಾಲ್ಲೂಕಿನಲ್ಲಿ ಕುಡಿತವೇ ಇರಲಿಲ್ಲ. ಇಲ್ಲದ ಕುಡಿತವನ್ನು ಬಿಡಿಸಲು ಸರ್ಕಾರ ಇಬ್ಬರನ್ನು ಇಟ್ಟಿತ್ತು. ಒಬ್ಬಳು ನಾನು. ಇನ್ನೊಬ್ಬರು ಪ್ರಚಾರಕರು. ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯವರು. ಮಗ್ಗದ ಮುಂದೆ ಕೂರಲಾರದೆ ನಾಟಕಕ್ಕೆ ಹೋಗಿ, ನಾಟಕದಲ್ಲೂ ನಿಲ್ಲಲಾರದೆ ಸರ್ಕಾರಕ್ಕೆ ಬಂದವರು. ಮುಂದೆ ಹೇಳುವ ಪ್ರಸಂಗಗಳೆಲ್ಲ ಕೌದಳ್ಳಿಯಿಂದ ಒಳಗೆ ನಡೆದುಹೋಗಬೇಕಾದ, ಕಾಡಂಚಿನ ಒಂದೇ ಹಳ್ಳಿಯಲ್ಲಿ ಆದವು.

ಕುಡುಕನ ಪಾತ್ರ

ಮೊದಲ ದಿನ ಚಾವಡಿ ಮುಂದೆ ಜನ ಸೇರಿದ್ದರು. ಪ್ರಚಾರಕರಿಗೆ ಭಾಷಣಕ್ಕಿಂತ ಅಭಿನಯದಲ್ಲಿ ನಂಬಿಕೆ. "ಕುಡುಕನ ಗತಿ ಏನಾಗುತ್ತೆ ಅಂತ ಕಣ್ಣಾರೆ ತೋರಿಸಿಬಿಡೋಣ ಅಮ್ಮ" ಎಂದವರೇ ಚಾವಡಿ ಹಿಂದಕ್ಕೆ ಹೋಗಿ, ತಲೆ ಕೆದರಿಕೊಂಡು, ಪಂಚೆ ಅರ್ಧ ಬಿಚ್ಚಿಕೊಂಡು, ತೂರಾಡುತ್ತಾ ಬಂದರು. ಬಂದವರು ಕಂಬವನ್ನು ತಬ್ಬಿಕೊಂಡು ಅತ್ತರು. ನಾಯಿಗೆ ನಮಸ್ಕಾರ ಮಾಡಿದರು. ಕೊನೆಗೆ ದೊಪ್ಪೆಂದು ಬಿದ್ದು ಹೊರಳಾಡಿದರು.

ನಾಟಕ ಎಂದು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ. ಹೆಂಗಸರು ತಡಮಾಡಲಿಲ್ಲ. ಇಬ್ಬರು ಕಾಲು ಹಿಡಿದರು, ಒಬ್ಬಾಕೆ ಹುಣಸೆ ನೀರು ತಂದು ಬಾಯಿಗೆ ಹೊಯ್ದಳು, ಮತ್ತೊಬ್ಬಾಕೆ ಕೊಡದ ನೀರನ್ನು ತಲೆ ಮೇಲೆ ಸುರಿದಳು.

"ನಾನು ಕುಡಿದಿಲ್ಲ ಕಣ್ರವ್ವಾ, ನಾನು ಕುಡಿದಿಲ್ಲ!" ಎಂದು ಪ್ರಚಾರಕರು ಕೂಗಿದರು.

ಕಾಲು ಹಿಡಿದಿದ್ದ ಮುದುಕಿ ಅನುಭವಸ್ಥೆ. "ಎಲ್ರೂ ಇಂಗೇ ಅನ್ನಾದು. ಇನ್ನೊಂದು ಕೊಡ ಉಯ್ಯವ್ವ" ಎಂದಳು.

ನಾನು ಓಡಿಹೋಗಿ ಬಿಡಿಸುವಷ್ಟರಲ್ಲಿ ಮೂರನೇ ಕೊಡವೂ ಮುಗಿದಿತ್ತು. ಎಲ್ಲ ತಣ್ಣಗಾದ ಮೇಲೆ ಹಿಂದೆ ನಿಂತಿದ್ದ ಗಂಡಸೊಬ್ಬ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: "ಮೇಡಮ್ಮೋರೆ, ಸಾ ಎಲ್ಲಿ ತಕಂಡ್ರು? ನಮ್ಮೂರ ಸರಕು ಇಷ್ಟೊಂದು ಏರಾಕಿಲ್ಲ."

ಆಣೆ

ಅಭಿನಯ ಕೈಕೊಟ್ಟ ಮೇಲೆ ಪ್ರಚಾರಕರು ಆಣೆಯ ದಾರಿ ಹಿಡಿದರು. ನಮ್ಮ ಕಡೆ ಜನ ಕೋರ್ಟಿನಲ್ಲಿ ಸುಳ್ಳು ಹೇಳಿಯಾರು, ದೇವರ ಮುಂದೆ ಕರ್ಪೂರ ಆರಿಸಿ ಸುಳ್ಳು ಹೇಳುವುದಿಲ್ಲ. ಮುಂದಿನ ಸಲ ಹೋದಾಗ ಊರಮ್ಮನ ಗುಡಿ ಮುಂದೆ ಗಂಡಸರನ್ನೆಲ್ಲ ಸೇರಿಸಿದೆವು. ತಕರಾರು ಮಾಡುತ್ತಾರೆ ಅಂದುಕೊಂಡಿದ್ದರೆ ಒಬ್ಬರೂ ಮಾಡಲಿಲ್ಲ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ಒಬ್ಬೊಬ್ಬರಾಗಿ ಬಂದು, "ಅಮ್ಮನ ಎಲ್ಲೆ ಒಳಗೆ ನಾನು ಕುಡಿಯಾಕಿಲ್ಲ" ಎಂದು ಅಂಗೈ ಬಡಿದು ಕರ್ಪೂರ ಆರಿಸಿದರು. ಕೊನೆಗೆ ಪೂಜಾರಿಯೂ ಆರಿಸಿದ. ಪ್ರಚಾರಕರ ಕಣ್ಣಲ್ಲಿ ನೀರು ಬಂತು. ಕೌದಳ್ಳಿಗೆ ಬಂದು ಬಸ್ಸು ಹಿಡಿಯುವವರೆಗೂ ಅದೇ ಮಾತು.

ಮತ್ತೆ ಹೋದಾಗ ದೀಪ ಹಚ್ಚುವ ಹೊತ್ತು. ಗಂಡಸರೆಲ್ಲ ಸಾಲಾಗಿ ಹಳ್ಳ ದಾಟಿ ಹೋಗುತ್ತಿದ್ದರು. ಮೊದಲು ಕೆರೆ ಏರಿಯ ಹಿಂದೆ ಬಟ್ಟಿ ಇಳಿಸುತ್ತಿದ್ದವನು ಈಗ ಹಳ್ಳದ ಆಚೆ ದಡದಲ್ಲಿ ಗುಡಿಸಲು ಹಾಕಿದ್ದ. ಪ್ರಚಾರಕರು ಒಬ್ಬ ಹಿರಿಯನನ್ನು ತಡೆದು, "ಇದೇನಪ್ಪ ಇದು? ಆಣೆ ಏನಾಯ್ತು?" ಎಂದರು.

"ಆಣೆ ಇಟ್ಟಂಗೇ ಅದೆ ಸಾ. ಎಲ್ಲೆ ಕಲ್ಲು ಹಳ್ಳದ ಈಚೆಗದೆ ನೋಡಿ. ಆಚೆಗೆ ಅಮ್ಮನ ಅಧಿಕಾರ ಇಲ್ಲ."

"ಇದು ಮೋಸ ಕಣಯ್ಯ!"

"ಎಂಗಾದದು ಸಾ ಮೋಸ? ಪೋಲೀಸ್ನೋರು ತಮ್ಮ ಟೇಷನ್ ಎಲ್ಲೆ ದಾಟಿ ಇಡಿಯಾಕಿಲ್ಲ. ಅವರಿಗೊಂದು ನ್ಯಾಯ, ಅಮ್ಮನಿಗೊಂದು ನ್ಯಾಯವಾ?" ಎಂದು ಕೇಳಿ, ಚಪ್ಪಲಿ ಕೈಗೆ ತೆಗೆದುಕೊಂಡು ನೀರಿಗಿಳಿದ.

ತಲೆ ಸರಿ ಇಲ್ಲದವರು

ಗಂಡಸರ ಗೊಡವೆ ಸದ್ಯಕ್ಕೆ ಬೇಡವೆಂದು ನಾನು ಹೆಂಗಸರನ್ನು ಸೇರಿಸಿದೆ. "ಮೈಗೆ ಜ್ವರ ಬರೋ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತೆ. ನಿಮ್ಮೂರಲ್ಲಿ ಅಂಥವರು ಯಾರಾದರೂ ಇದ್ದರೆ ಹೇಳಿ" ಎಂದೆ.

ಕೇಳಿದ್ದೇ ತಡ. ಅತ್ತೆಯರು ಸೊಸೆಯರನ್ನು ತೋರಿಸಿದರು. ಸೊಸೆಯರು ಬಾಯಿ ಬಿಡದೆ ಗಲ್ಲ ಎತ್ತಿ ಅತ್ತೆಯರನ್ನು ತೋರಿಸಿದರು. ಜಗಳ ಆಗುವುದರಲ್ಲಿತ್ತು. ಒಬ್ಬ ಅಜ್ಜಿ ಎಲ್ಲರನ್ನೂ ಸುಮ್ಮನಾಗಿಸಿ ತೀರ್ಪು ಕೊಟ್ಟಳು: "ತಲೆ ಕೆಟ್ಟೋರು ನಮ್ಮೂರಲ್ಲಿ ಇಬ್ರೇ ಕಣವ್ವ. ಒಬ್ಬ ಓದೊರ್ಷ ತೀರ್ಕಂಡ. ಇನ್ನೊಬ್ಬ ಪಟೇಲ."

ನಕ್ಕು ಎಲ್ಲರೂ ಎದ್ದುಹೋದ ಮೇಲೆ ಒಬ್ಬಾಕೆ ಉಳಿದಳು. ನಗದೇ ಇದ್ದವಳು ಅವಳೊಬ್ಬಳೇ. "ನನ್ನ ಸೊಸೆಗೆ ಗಾಳಿ ಸೋಕ್ಯದೆ ಮೇಡಮ್ಮೋರೆ. ಉಣ್ಣಾಕಿಲ್ಲ, ಮಲಗಾಕಿಲ್ಲ, ಮಾತಿಲ್ಲ. ಅಮಾಸೆ ಕಳೀಲಿ, ಯಳಂದೂರಿಗೆ ತವರಿಗೆ ಕಳಿಸ್ಬುಡ್ತೀನಿ. ಕೂಸು ನಮ್ಮದು, ನಮ್ಮ ಮನೇಲಿರ್ತದೆ" ಎಂದಳು.

ಮನೆಗೆ ಹೋದೆ. ಇನ್ನೂ ಇಪ್ಪತ್ತು ತುಂಬಿರದ ಹುಡುಗಿ ಹೊಸ್ತಿಲಲ್ಲಿ ಹಳ್ಳದ ಕಡೆ ನೋಡುತ್ತಾ ಕೂತಿದ್ದಳು. ಹೆಣ್ಣು ಕೂಸು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿತ್ತು. ಅತ್ತೆ ಒಳಗೆ ಹೋದ ಮೇಲೆ ಪಿಸುದನಿಯಲ್ಲಿ ಹೇಳಿದಳು: "ಅವರು ಕುಡ್ದು ಹಳ್ಳ ದಾಟ್ಬೇಕಲ್ವಾ ಮೇಡಮ್ಮೋರೆ. ನಾನು ಕಣ್ಣು ಮುಚ್ಚುದ್ರೆ ಅವರು ನೀರಲ್ಲಿ ಬಿದ್ದಂಗಾಯ್ತದೆ. ಕಣ್ಣು ತೆರ್ಕಂಡಿದ್ರೆ ಬೀಳಾಕಿಲ್ಲ."

ಗಂಡನನ್ನು ಬರೀ ಕಣ್ಣಿನಿಂದ ಹಿಡಿದು ನಿಲ್ಲಿಸಿಕೊಂಡಿದ್ದ ಈ ಹುಡುಗಿಗೆ ಮನೆಯೂ ಹೋಗುವುದರಲ್ಲಿತ್ತು, ಮಗುವೂ ಹೋಗುವುದರಲ್ಲಿತ್ತು. ಕೊಳ್ಳೇಗಾಲದ ಡಾಕ್ಟರಿಗೆ ತೋರಿಸೋಣ ಎಂದು ಅತ್ತೆಯನ್ನು ಕೇಳಿಕೊಂಡೆ. "ಗಾಳಿಗೆ ಗುಳಿಗೆ ಕೊಟ್ಟಾರಾ ಎಲ್ಲಾದ್ರೂ?" ಎಂದಳು. ಕೊನೆಗೆ ಪೂಜಾರಿಯೇ ಉಪಾಯ ಹೇಳಿದ: "ಕೊಡ್ಲಿ ಬುಡವ್ವ, ತೀರ್ಥದ ಜತೇಲಿ ನುಂಗ್ಲಿ. ವಾಸಿಯಾದ್ರೆ ಅಮ್ಮನಿಂದ, ಆಗದಿದ್ರೆ ಡಾಕ್ಟ್ರಿಂದ."

ಜಾಗ ಬದಲಿಸಿದ ದೆವ್ವ

ಡಾಕ್ಟರು ನಿದ್ದೆಗೆ ಗುಳಿಗೆ ಕೊಟ್ಟರು, ಊಟಕ್ಕೆ ಗದರಿಸಿದರು. ವಾರ ಕಳೆದು ನಾನು ಹೋದಾಗ ಹುಡುಗಿ ಮಗುವಿನ ತಲೆ ಬಾಚುತ್ತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಮಾತು ಇನ್ನೂ ಕಡಿಮೆ, ಆದರೆ ನನ್ನನ್ನು ನೋಡಿ ಮಣೆ ಹಾಕಿದಳು.

ಹೊಸ್ತಿಲಲ್ಲಿ ಈಗ ಅತ್ತೆ ಕೂತಿದ್ದಳು. ಕಣ್ಣು ಕೆಂಡದ ಹಾಗೆ, ದೃಷ್ಟಿ ಹಳ್ಳದ ಕಡೆ. ಅಕ್ಕಪಕ್ಕದವರು ಅಂಗಳದಲ್ಲಿ ಸೇರಿ, "ಸೊಸೇನ ಬುಟ್ಟು ಅತ್ತೇನ ಇಡ್ಕಂಡದೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಪೂಜಾರಿ ಬೇವಿನ ಸೊಪ್ಪು ಬೀಸುತ್ತಾ, "ಏಳು, ಯಾರು ನೀನು? ಯಾವೂರ ಗಾಳಿ?" ಎಂದು ಗದ್ದರಿಸುತ್ತಿದ್ದ.

"ಯಾವ ಗಾಳೀನೂ ಇಲ್ಲ ಕಣ್ಲಾ, ನಿದ್ದೆ ಕಾಣೆ ನಾನು! ಇವಳು ಗುಳಿಗೆ ನುಂಗಿ ಮಲಗ್ತಾಳೆ. ಅವನು ಬರಾಗಂಟ ಹಳ್ಳ ನೋಡ್ಕಂಡು ನಾನು ಕೂತಿರ್ಬೇಕು. ಬಿದ್ನೋ, ಎದ್ನೋ, ಯಾವ ಗುಂಡೀಲವ್ನೋ..." ಎಂದು ಅತ್ತೆ ಸಿಡುಕಿದಳು. ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಂತಳು. ತಿರುಗಿ ಸೊಸೆಯನ್ನು ನೋಡಿದಳು. "ಇಷ್ಟು ದಿನ ನೀನು ಇದನ್ನೇ ನೋಡ್ತಿದ್ದೇನವ್ವಾ?" ಎಂದಳು.

ಸೊಸೆ ತಲೆಯಾಡಿಸಿದಳು. ನಾನು ತಿಂಗಳುಗಟ್ಟಲೆ ಭಾಷಣ ಮಾಡಿದ್ದರೂ ಅತ್ತೆಯ ಮನಸ್ಸಿಗೆ ಇಳಿಯದಿದ್ದುದು ಒಂದು ವಾರದ ನಿದ್ದೆಗೇಡಿನಲ್ಲಿ ಇಳಿದಿತ್ತು. ಪೂಜಾರಿಗೆ ಮಾತ್ರ ಇನ್ನೂ ಆವೇಶ ಇಳಿದಿರಲಿಲ್ಲ. "ಯಾವಾಗ ಬುಟ್ಟೋದೀಯೆ ಏಳು!" ಎಂದು ಮತ್ತೆ ಸೊಪ್ಪು ಎತ್ತಿದ.

"ನನ್ನ ಮಗ ಕುಡಿಯಾದು ಬುಟ್ಟ ದಿನ! ಅವನ ಪಕ್ಕದಲ್ಲಿ ಕೂತ್ಕಂಡು ಕುಡಿಯಾವ್ನು ಯಾರು, ಅದನ್ನೂ ಏಳ್ಲಾ?"

ಪೂಜಾರಿ ಸೊಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಮನೆಯಲ್ಲಿ ಕರೆಯುತ್ತಿದ್ದಾರೆ ಎಂದು ಹೊರಟ. ಯಾರೂ ಕರೆದಿರಲಿಲ್ಲ.

ಅಮ್ಮ ಹೊರಟಳು

ಅಮಾವಾಸ್ಯೆಗೆ ಮುಂಚೆ ಒಂದು ದಿನ ಅತ್ತೆ ಪೂಜಾರಿಯನ್ನು ಸಾಧುವಾಗಿ ಕೇಳಿದಳಂತೆ: "ಅಮ್ಮ ಎಲ್ಲೆ ದಾಟಾಂಗೇ ಇಲ್ವಪ್ಪ?" ಹೆಂಗಸು ದೇವರ ವಿಚಾರ ಕೇಳಿದ್ದಕ್ಕೆ ಅವನು ಉಬ್ಬಿಹೋಗಿ, "ಯಾಕಿಲ್ಲ? ಕಲಶ ತಲೆ ಮೇಲೆ ಒತ್ಕಂಡು ಓಗಿ ಎಲ್ಲಿಳಿಸ್ತೀವೋ ಆ ನೆಲ ಅವಳದೇ. ಅವಳು ಕೂತ ಕಡೆಯೇ ಎಲ್ಲೆ" ಎಂದು ವಿವರವಾಗಿ ಹೇಳಿದ. ಅವಳಿಗೆ ಬೇಕಾಗಿದ್ದುದೂ ಅಷ್ಟೇ.

ನಾವು ಮತ್ತೆ ಹೋದ ಸಂಜೆ ಊರಿನ ಹೆಂಗಸರೆಲ್ಲ ಗುಡಿ ಮುಂದಿದ್ದರು. ಪೂಜಾರಿ ಹಳ್ಳದಾಚೆ ಹೋಗಿದ್ದ. ಬಾಗಿಲು ತೆಗೆದವಳು ಅವನ ಹೆಂಡತಿ. ಕಲಶ ಹೊರುವವರು ಯಾರೆಂದು ಮಾತು ಬಂದಾಗ ಅತ್ತೆ ಸೊಸೆಯ ಕೈ ಹಿಡಿದು ಮುಂದೆ ತಂದಳು.

"ಗಾಳಿ ಸೋಕಿದೋಳ ತಲೆ ಮೇಲಾ?" ಎಂದು ಯಾರೋ ಅಂದರು.

"ಸೋಕಿದ್ರೆ ನಂಗೂ ಸೋಕ್ಯದೆ. ಇಬ್ರದ್ದೂ ಒಂದೇ ಗಾಳಿ. ಕಲಶ ಒರಿಸ್ರವ್ವ."

ಪ್ರಚಾರಕರು ಗಾಬರಿಯಾಗಿ, "ಎಲ್ಲಿಗಮ್ಮ ಹೊರಟಿರಿ?" ಎಂದರು. "ನಿಮ್ಮ ಪ್ರಚಾರಕ್ಕೇ ಸಾ, ಬನ್ನಿ" ಎಂದಳು ಪೂಜಾರಿಯ ಹೆಂಡತಿ. ಹಳ್ಳದಲ್ಲಿ ಮೊಣಕಾಲುದ್ದ ನೀರು. ನಾನು ಹುಡುಗಿಯ ಹಿಂದೆಯೇ ಇದ್ದೆ. ಇಷ್ಟು ದಿನ ದೂರದಿಂದ ನೋಡುತ್ತಿದ್ದ ನೀರಿಗೆ ಅವಳು ಕಾಲಿಟ್ಟಾಗ ನಾನು ಹಿಡಿಯಲು ಕೈ ಚಾಚಿದೆ. ಅವಳು ಅಳುಕದೆ ದಾಟಿದಳು.

ಗುಡಿಸಲಲ್ಲಿ ಗಂಡಸರು ಸಾರಾಯಿ ತುಂಬಿದ ತೆಂಗಿನ ಚಿಪ್ಪು ಬಾಯಿಗಿಟ್ಟಿದ್ದರು. ಅವರ ನಡುವೆ ಕಲಶ ಇಳಿಯಿತು. ಮೊದಲು ಅಡ್ಡಬಿದ್ದವನು ಪೂಜಾರಿ. ಚಿಪ್ಪು ಇನ್ನೂ ಕೈಯಲ್ಲೇ ಇತ್ತು. ನಮ್ಮ ಪ್ರಚಾರಕರಿಗೆ ನೀತಿ ಹೇಳಿದ್ದ ಹಿರಿಯ ತನ್ನ ಚಿಪ್ಪಿನದ್ದನ್ನು ಮಣ್ಣಿಗೆ ಸುರಿದು ಅದರ ಮೇಲೆಯೇ ಕೂತುಬಿಟ್ಟ. ಹುಡುಗಿಯ ಗಂಡ ಅತ್ತ ನುಂಗಲೂ ಆಗದೆ, ಇತ್ತ ಉಗುಳಲೂ ಆಗದೆ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ.

ಅತ್ತೆ ಕಲಶದ ಮುಂದೆ ನಿಂತಳು. "ಅಮ್ಮಾ, ಈ ಸೊಸೇನ ತವರಿಗೆ ಕಳಿಸ್ತೀನಿ ಅಂದಿದ್ದೆ. ತಪ್ಪಾಯ್ತು. ಇವಳು, ಇವಳ ಕೂಸು, ಇಬ್ರೂ ನನ್ನ ಮನೇಲೇ ಇರ್ತಾರೆ. ಯಾರನ್ನಾರ ಕಳಿಸಾದಿದ್ರೆ ಇವನ್ನ ಕಳಿಸ್ತೀನಿ" ಎಂದು ಮಗನ ಕಡೆ ಬೆರಳು ಮಾಡಿದಳು.

ಅವನು ಗಾಬರಿಯಲ್ಲಿ ಬಾಯಲ್ಲಿದ್ದುದನ್ನು ನೆಲಕ್ಕೆ ಬಿಟ್ಟ. "ನಂಗ್ಯಾವ ತವರವ್ವಾ?" ಎಂದ. ಹೆಂಗಸರು ನಕ್ಕರು. ಆಮೇಲೆ ಕಲಶದ ಮುಂದೆ ಒಬ್ಬೊಬ್ಬರೂ ಮತ್ತೆ ಕರ್ಪೂರ ಆರಿಸಿದರು. ಈ ಸಲ "ಎಲ್ಲೆ ಒಳಗೆ" ಎಂಬ ಮಾತನ್ನು ಅತ್ತೆ ಯಾರಿಗೂ ಹೇಳಗೊಡಲಿಲ್ಲ.

ಬಟ್ಟಿಯವನಿಗೆ ಮಾತ್ರ ಸಿಟ್ಟು. ಮಡಕೆ ಎತ್ತಿಕೊಳ್ಳುತ್ತಾ ಗೊಣಗಿದ: "ಓಗ್ಲಿ ಬುಡಿ. ನಾನು ಮಾರ್ಟಳ್ಳಿ ದಾಟಿ ಮದ್ರಾಸು ಸೀಮೆಗೇ ಓಯ್ತೀನಿ. ಬೇಕಾದೋರು ಅಲ್ಲಿಗೆ ಬತ್ತಾರೆ. ಅಲ್ಲೆಲ್ಲಾ ತಮಿಳ್ರು, ಈ ಅಮ್ಮನ ಮಾತು ಅಲ್ಲಿ ನಡೆಯಾಕಿಲ್ಲ."

ಗಂಡಸರಲ್ಲಿ ಒಬ್ಬಿಬ್ಬರು ತಲೆ ಎತ್ತಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಊರಿನವರ ಎದುರು ತಿಂಗಳುಗಳಿಂದ ಬಾಯಿ ಬಿಡದಿದ್ದ ಆ ಹುಡುಗಿ, ಕಲಶದ ಪಕ್ಕ ಕೂತವಳು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಓಗಣ್ಣ, ಓಗು. ಅಮ್ಮಂಗೆ ತಮಿಳೂ ಬತ್ತದೆ."