ಕೋಟೆ ಯಾವ ಕಡೆ?

ಗಂಡ: ಎಡಗಡೆ ಅಂದ್ರೆ ಎಡಗಡೆ ಕಣೇ! ಮೆಟ್ಟಿಲ ಮೇಲೆ ಕೂತು ನದಿ ಕಡೆ ಮುಖ ಮಾಡಿದ್ರೆ ಕೋಟೆ ಎಡಗಡೆ.

ಹೆಂಡತಿ: ರೀ, ಮೆಟ್ಟಿಲ ಮೇಲೇ ಕೂತಿದ್ದೀನಿ. ನದಿ ಕಡೆಗೇ ಮುಖ ಮಾಡಿದ್ದೀನಿ. ಕೋಟೆ ಬಲಗಡೆ ಇದೆ. ಅಷ್ಟು ದೊಡ್ಡ ಕೋಟೆ ಕಣ್ಣಿಗೆ ಕಾಣಲ್ವಾ?

ಗಂಡ: ಇದು ಬೇರೆ ಕೋಟೆ ಇರಬೇಕು.

ಹೆಂಡತಿ: ಈ ಊರಲ್ಲಿರೋದು ಒಂದೇ ಕೋಟೆ. ಬಸ್‌ಸ್ಟ್ಯಾಂಡಿನ ಬೋರ್ಡಲ್ಲೇ ಬರೆದಿದೆ.

ಗಂಡ: ಹಾಗಾದ್ರೆ ನದಿ ತಿರುಗಿದೆ. ಮೂವತ್ತೈದು ವರ್ಷ ಆಯ್ತಲ್ಲ. ನದಿ ಅಂದ್ಮೇಲೆ ತಿರುಗುತ್ತೆ.

ಹೆಂಡತಿ: ಹೇಗೆ, ನೀವು ರಿಪೇರಿ ಮಾಡಿದ ವಾಚಿನ ಮುಳ್ಳಿನ ಹಾಗೆ ಹಿಂದಕ್ಕೆ ತಿರುಗಿತಾ?

ಗಂಡ ಗಡಿಯಾರ ರಿಪೇರಿಯವನು. ಹೆಂಡತಿ ಹೋದ ವರ್ಷ ನಿವೃತ್ತಳಾದ ಪ್ರಾಥಮಿಕ ಶಾಲೆಯ ಟೀಚರು. ನದಿ ದಂಡೆಯ ಈ ಪುರಾತನ ನಗರವನ್ನು ತಾನು ಮದುವೆಗೆ ಮುಂಚೆಯೇ ಮೂರು ದಿನ ಸುತ್ತಿ ನೋಡಿದವನು ಎಂದು ಗಂಡ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ. ನನಗೂ ತೋರಿಸಿ ಎಂದು ಅವಳು ಕೇಳಿದಾಗಲೆಲ್ಲ ಅವನ ಅಂಗಡಿಯಲ್ಲಿ ಯಾವುದೋ ಅರ್ಜೆಂಟು ಗಡಿಯಾರ ಬಂದು ಕೂರುತ್ತಿತ್ತು. ಈ ಸಲ ಅವಳೇ ಟಿಕೆಟ್ ತೆಗೆಸಿ, ಅವನನ್ನು ಬಸ್ಸು ಹತ್ತಿಸಿ ಕರೆತಂದಿದ್ದಳು. ವರ್ಷಕ್ಕೊಮ್ಮೆ ನಡೆಯುವ ದೋಣಿ ಮೆರವಣಿಗೆ ಅಂದೇ ಮಧ್ಯಾಹ್ನ. ಮೆಟ್ಟಿಲುಗಳ ಮೇಲೆ ಜನ ಆಗಲೇ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದರು.

ಹೆಗಲ ಮೇಲೆ ಹುಟ್ಟು ಹೊತ್ತ ಅಂಬಿಗನೊಬ್ಬ ಇವರ ಮುಂದೆ ಬಂದು ನಿಂತ.

ಅಂಬಿಗ: ಬನ್ನಿ ಅಮ್ಮಾ, ದೋಣಿಯಲ್ಲಿ ಒಂದು ಸುತ್ತು. ಕೋಟೆ, ಅರಮನೆ, ಹಳೇ ಬಾಗಿಲು, ಎಲ್ಲಾ ನೀರಿನಿಂದಲೇ ಕಾಣುತ್ತೆ.

ಗಂಡ: ಬೇಡಪ್ಪ, ಬೇಡ. ಊರನ್ನ ಕಾಲಲ್ಲಿ ನೋಡಬೇಕು.

ಹೆಂಡತಿ: ಕಣ್ಣಲ್ಲಿ ನೋಡಿದ್ದೇ ಎಡ ಬಲ ಆಗಿದೆ, ಇನ್ನು ಕಾಲಲ್ಲಿ ಬೇರೆ! ಹತ್ತಿ ರೀ.

ಗಂಡ: ದೋಣಿ ಸಣ್ಣದು.

ಅಂಬಿಗ: ಹನ್ನೆರಡು ಜನ ಕೂರ್ತಾರೆ ಸ್ವಾಮಿ.

ಗಂಡ: ನೋಡಿದ್ಯಾ, ಅದಕ್ಕೇ ಬೇಡ ಅಂದಿದ್ದು. ಹನ್ನೆರಡು ಜನದ ದೋಣೀಲಿ ಇಬ್ಬರೇ ಕೂತ್ರೆ ತೂಕ ಸಾಲಲ್ಲ. ಅಲ್ಲಾಡುತ್ತೆ.

ಹೆಂಡತಿ: ಸರಿ, ನಾನೊಬ್ಬಳೇ ಹೋಗ್ತೀನಿ. ನೀವಿಲ್ಲೇ ಕೂತು ಕೋಟೆ ಎಡಗಡೆಗೆ ಬರುತ್ತಾ ಅಂತ ಕಾಯ್ತಾ ಇರಿ.

ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿಯೇ ಬಿಟ್ಟಳು. ಗಂಡ ಚಪ್ಪಲಿ ಬಿಚ್ಚಿದ, ಮತ್ತೆ ಹಾಕಿಕೊಂಡ, ಆಮೇಲೆ ಕುದಿಯುವ ನೀರಿಗೆ ಕಾಲಿಡುವವನಂತೆ ದೋಣಿಗೆ ಒಂದು ಕಾಲಿಟ್ಟ. ಕೂತವನು ಎರಡೂ ಕೈಯಲ್ಲಿ ಹಲಗೆ ಹಿಡಿದು ಆಕಾಶ ನೋಡತೊಡಗಿದ.

ಅಂಬಿಗ: ಮೊದಲನೇ ಸಲಾನಾ ಸ್ವಾಮಿ?

ಹೆಂಡತಿ: ಅವರನ್ನ ಹಾಗೆ ಕೇಳಬೇಡಪ್ಪಾ, ಈ ಊರನ್ನ ಅರೆದು ಕುಡಿದಿದ್ದಾರೆ. ಹೇಳ್ರೀ, ಅರಮನೆಯ ಕನ್ನಡಿ ಕೋಣೆ ಹೇಗಿತ್ತು?

ಗಂಡ: ಕನ್ನಡಿ ಇತ್ತು.

ಹೆಂಡತಿ: ಮತ್ತೆ?

ಗಂಡ: ಕೋಣೆ ಇತ್ತು.

ಅಂಬಿಗ: ಯಾವಾಗ ನೋಡಿದ್ರಿ ಸ್ವಾಮಿ? ಅರಮನೆ ಒಳಗೆ ಜನರನ್ನ ಬಿಡೋಕೆ ಶುರು ಮಾಡಿ ಹತ್ತು ವರ್ಷ ಆಗಿದೆ ಅಷ್ಟೇ.

ಗಂಡ: ಆಗಿನ ಕಾವಲುಗಾರ ನನಗೆ ಪರಿಚಯ.

ಅಂಬಿಗ: ಹೌದಾ! ಆಗ ಕಾವಲಿಗೆ ನಮ್ಮಪ್ಪನೇ ಇದ್ರು ಸ್ವಾಮಿ!

ಗಂಡ: ಒಳ್ಳೇ ಮನುಷ್ಯ.

ಅಂಬಿಗ: ಎಲ್ಲಿ ಒಳ್ಳೇ ಮನುಷ್ಯ ಸ್ವಾಮಿ, ನರಪಿಳ್ಳೇನೂ ಒಳಗೆ ಬಿಡ್ತಿರಲಿಲ್ಲ. ಹೆತ್ತ ಮಗ, ನನ್ನನ್ನೇ ಬಿಟ್ಟಿಲ್ಲ.

ಹೆಂಡತಿ ಗಂಡನನ್ನು ದಿಟ್ಟಿಸಿದಳು. ಗಂಡ ಇನ್ನೂ ಮೇಲಿನ ಆಕಾಶಕ್ಕೆ ನೋಟ ಏರಿಸಿದ. ಅಷ್ಟರಲ್ಲಿ ದೋಣಿ ನಡುನೀರಿನಲ್ಲಿ ತಿರುಗಿ, ಇಡೀ ನಗರ ಎದುರಿಗೆ ಬಂತು. ಗಂಡ ಕತ್ತು ಇಳಿಸಿ ನೋಡಿದವನೇ ಹಲಗೆಯಿಂದ ಒಂದು ಕೈ ಬಿಟ್ಟು ಕೂಗಿದ.

ಗಂಡ: ನೋಡೇ! ನೋಡು! ಕೋಟೆ ಯಾವ ಕಡೆ ಇದೆ? ಎಡಗಡೆ! ನಾನೇನು ಸುಳ್ಳು ಹೇಳಿದ್ನಾ?

ಅಂಬಿಗ: ಸರಿಯಾಗೇ ಹೇಳಿದ್ರಿ ಸ್ವಾಮಿ. ಆಚೆ ದಡದಿಂದ ನೋಡಿದೋರಿಗೆಲ್ಲ ಎಡಗಡೇನೇ. ಅಲ್ಲೂ ಮೆಟ್ಟಿಲಿದೆ. ಸೇತುವೆ ಇಲ್ಲದ ಕಾಲದಲ್ಲಿ ಬಸ್ಸು ಅಲ್ಲಿಗೇ ನಿಲ್ತಿತ್ತು. ಅಲ್ಲಿಂದ ದೋಣಿ ಹತ್ತಿ ಊರಿಗೆ ಬರಬೇಕಿತ್ತು.

ಹೆಂಡತಿ ಗಂಡನ ಕಡೆಗೆ ಪೂರ್ತಿ ತಿರುಗಿ ಕೂತಳು.

ಹೆಂಡತಿ: ನೀವು ಈ ಊರಿಗೆ ಬಂದೇ ಇಲ್ಲ.

ಗಂಡ: ಬಂದಿದ್ದೆ.

ಹೆಂಡತಿ: ಎಲ್ಲಿವರೆಗೆ?

ಗಂಡ: ನದಿವರೆಗೆ.

ಹೆಂಡತಿ: ಮೂರು ದಿನ?

ಗಂಡ: ಮೂರೂ ದಿನ. ಒಂದೊಂದು ದೋಣಿ ಬಂದಾಗ್ಲೂ ಮುಂದಿನದಕ್ಕೆ ಹತ್ತೋಣ ಅಂದ್ಕೊಂಡೆ. ನೀರು ನೋಡಿದ್ರೆ ಕೈಕಾಲು ತಣ್ಣಗಾಗೋದು. ಊರು ನೋಡ್ಕೊಂಡು ವಾಪಸ್ ಬಂದೋರ ಪಕ್ಕ ಕೂತು ಅವರು ಹೇಳೋದೆಲ್ಲ ಕೇಳಿಸ್ಕೊಂಡೆ. ರಜ ಮುಗೀತು. ಮನೆಗೆ ಹೋದಾಗ ಎಲ್ರೂ ಹೇಗಿತ್ತು ಹೇಗಿತ್ತು ಅಂದ್ರು. ಏನಂತ ಹೇಳ್ಲಿ?

ಹೆಂಡತಿ: ನಮ್ಮನೆಗೆ ಮೊದಲ ಸಲ ಬಂದಾಗ ಒಂದು ಗಂಟೆ ಈ ಊರಿನ ವರ್ಣನೆ ಮಾಡಿದ್ರಿ. ನಮ್ಮಪ್ಪ, ಹುಡುಗ ಲೋಕ ಕಂಡಿದ್ದಾನೆ ಅಂತ ಕುಣಿದಾಡಿಬಿಟ್ರು!

ಗಂಡ: ಕಂಡಿದ್ದೆ. ಸ್ವಲ್ಪ ದೂರದಿಂದ.

ಹೆಂಡತಿ: ಮಾತಾಡಬೇಡಿ! ನಾನು ಮೂವತ್ತು ವರ್ಷ ಮಕ್ಕಳಿಗೆ ಕೋಟೆ ಎಡಗಡೆ ಅಂತಲೇ ಪಾಠ ಮಾಡಿದೆ. ಒಬ್ಬಳು ಹುಡುಗಿ ಇಲ್ಲಿಗೆ ಬಂದುಹೋಗಿ, ಮೆಟ್ಟಿಲಿಂದ ಕಂಡ ಹಾಗೆ ಕೋಟೇನ ಬಲಗಡೆ ಬರೆದಿದ್ಲು. ನಮ್ಮ ಯಜಮಾನ್ರು ಕಣ್ಣಾರೆ ನೋಡಿದ್ದಾರೆ, ನೀನ್ಯಾವ ಊರ ದೊಡ್ಡ ಮನುಷ್ಯಳು ಅಂತ ಸೊನ್ನೆ ಕೊಟ್ಟೆ. ಪಾಪ, ಅತ್ತುಬಿಟ್ಲು.

ಗಂಡ: ಈಗೆಲ್ಲಿದ್ದಾಳೆ ಆ ಹುಡುಗಿ?

ಹೆಂಡತಿ: ನಮ್ಮ ಹಲ್ಲಿನ ಡಾಕ್ಟ್ರು!

ಗಂಡ: ಅಯ್ಯೋ! ಅದಕ್ಕೇನಾ ಹೋದ ತಿಂಗಳು ನನ್ನ ದವಡೆ ಹಲ್ಲನ್ನ ಅಷ್ಟು ನಿಧಾನಕ್ಕೆ ಕಿತ್ತಿದ್ದು?

ಅಂಬಿಗ ನಗು ತಡೆಯಲಾರದೆ ಹುಟ್ಟಿನ ಮೇಲೆ ಬಗ್ಗಿದ. ದೋಣಿ ವಾಲಿತು. ಗಂಡ ಗಬಕ್ಕನೆ ಹೆಂಡತಿಯ ಕೈ ಹಿಡಿದುಕೊಂಡ. ಅವಳು ಕೈ ಕೊಸರಿಕೊಳ್ಳಲು ಹೋದವಳು ಸುಮ್ಮನಾದಳು. ಕೂದಲೆಳೆಯಂಥ ಸ್ಪ್ರಿಂಗನ್ನು ನವಿರಾಗಿ ಹಿಡಿಯುವ ಆ ಬೆರಳುಗಳು ಅವಳ ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದವು.

ಹೆಂಡತಿ: ಇನ್ನೂ ಇಷ್ಟು ಭಯಾನಾ?

ಗಂಡ: ಜೀವ ಬಾಯಿಗೆ ಬಂದಿದೆ.

ಹೆಂಡತಿ: ಮತ್ತ್ಯಾಕೆ ಹತ್ತಿದ್ರಿ? ಒಬ್ಬಳೇ ಹೋಗ್ತೀನಿ ಅಂದಿದ್ನಲ್ಲ?

ಗಂಡ: ಅಂದ್ಯಲ್ಲ, ಅದಕ್ಕೇ ಹತ್ತಿದ್ದು. ಏನಾದ್ರೂ ಆಗಿ ನೀನೊಬ್ಬಳೇ ಮುಳುಗಿಬಿಟ್ರೆ?

ಹೆಂಡತಿ: ನಿಮಗೆ ಈಜು ಬರುತ್ತಾ?

ಗಂಡ: ಎಲ್ಲಿ ಬರುತ್ತೆ. ಜೊತೆಗಿರ್ತೀನಿ, ಅಷ್ಟೇ.

ಹೆಂಡತಿ ಬೈಯಲು ಬಾಯಿ ತೆರೆದಳು. ಆಗಲೇ ಮೆಟ್ಟಿಲ ಕಡೆಯಿಂದ ಪೊಲೀಸರ ಸೀಟಿ ಕೇಳಿಸಿತು. ಮೆರವಣಿಗೆ ಹೊರಟಿದೆ, ಸಣ್ಣ ದೋಣಿಗಳೆಲ್ಲ ದಡ ಸೇರಿಕೊಳ್ಳಬೇಕು ಎಂದು ಮೈಕು ಒದರತೊಡಗಿತು.

ಅಂಬಿಗ: ಬೇಗ ಹೇಳಿ ಅಮ್ಮಾ, ಯಾವ ದಡಕ್ಕೆ ಬಿಡ್ಲಿ?

ಹೆಂಡತಿ: ಆಚೆ ದಡಕ್ಕೆ.

ಗಂಡ: ಅಲ್ಲೇನಿದೆಯೇ ನೋಡೋಕೆ?

ಹೆಂಡತಿ: ನೀವು ನಿಜವಾಗ್ಲೂ ನೋಡಿದ ಜಾಗ ಅದೊಂದೇ ತಾನೇ? ಅದನ್ನಾದ್ರೂ ನೆಟ್ಟಗೆ ತೋರಿಸಿ.

ಆಚೆ ದಡದ ಮೆಟ್ಟಿಲುಗಳ ಸಂದಿನಲ್ಲಿ ಹುಲ್ಲು ಬೆಳೆದಿತ್ತು. ಜನರಿರಲಿಲ್ಲ. ನೆಲ ಕಾಲಿಗೆ ಸಿಕ್ಕಿದ್ದೇ ಗಂಡನಿಗೆ ದನಿ ಮರಳಿತು. ಇಲ್ಲಿ ಟೀ ಅಂಗಡಿ ಇತ್ತು, ಇಲ್ಲಿ ಟ್ರಂಕು ಇಟ್ಟಿದ್ದೆ, ಈ ಕಲ್ಲಿನ ಮೇಲೆ ಕೂತಿದ್ದೆ ಎಂದು ಒಂದೊಂದನ್ನೂ ತೋರಿಸಿದ. ಅವನು ತೋರಿಸಿದ ಕಲ್ಲಿನ ಮೇಲೆ ಇಬ್ಬರೂ ಕೂತರು. ಅಂಬಿಗ ದೋಣಿ ಕಟ್ಟಿ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ. ಕೆಂಪು, ಹಳದಿ ಬಾವುಟ ಕಟ್ಟಿಕೊಂಡು, ಡೋಲು ಬಾರಿಸಿಕೊಂಡು ದೋಣಿಗಳು ಸಾಲಾಗಿ ಬಂದವು. ಅವುಗಳ ಹಿಂದೆ ಕೋಟೆಯಿಂದ ಅರಮನೆಯವರೆಗೆ ಇಡೀ ನಗರ ಬಿಸಿಲಿಗೆ ಹೊಳೆಯುತ್ತಿತ್ತು.

ಹೆಂಡತಿ: ಅಲ್ಲಿ ಕೂತೋರಿಗೆ ಇದ್ಯಾವುದೂ ಹೀಗೆ ಕಾಣಲ್ಲ ಅಲ್ವಾ?

ಅಂಬಿಗ: ಎಲ್ಲಿ ಕಾಣುತ್ತೆ ಅಮ್ಮಾ, ಮುಂದಿನೋರ ತಲೆ ಕಾಣುತ್ತೆ.

ಹೆಂಡತಿ: ರೀ, ಅರಮನೆ ಪಕ್ಕ ಹಸಿರು ಗುಮ್ಮಟ ಇದೆಯಲ್ಲ, ಏನದು?

ಗಂಡ ಗಂಟಲು ಸರಿಮಾಡಿಕೊಂಡ.

ಗಂಡ: ಗೊತ್ತಿಲ್ಲ ಕಣೇ.

ಅಂಬಿಗ: ಅದು ಅಮ್ಮಾ, ಹಳೇ ಕಾಲದ...

ಹೆಂಡತಿ: ಸುಮ್ನಿರಪ್ಪಾ, ನೀನು ಹೇಳಬೇಡ! ಮದುವೆಯಾದಾಗಿಂದ ಇವರ ಬಾಯಲ್ಲಿ ಈ ಮಾತು ಕೇಳ್ತಿರೋದು ಇದೇ ಮೊದಲು. ರೀ, ಅದರ ಪಕ್ಕದ ಬಿಳಿ ಕಟ್ಟಡ ಯಾವುದು? ಇನ್ನೊಂದ್ಸಲ ಹೇಳಿ, ಕೇಳೋಣ.